ಸರದಾರನನ್ನು ಕೊಲ್ಲಲಾಗದ ಮೂರು ವಾರ

ಈ ವಯಸ್ಸಿನಲ್ಲಿ ನಾನು ಯುದ್ಧದ ಕಾದಂಬರಿ ಬರೆಯಲು ಕೂತೆ. ಹಿಸ್ಟಾರಿಕಲ್ ಫ್ಯಾಂಟಸಿ ಅನ್ನಬಹುದೇನೋ. ಬಾದಾಮಿ ಕೋಟೆಗೆ ಮುತ್ತಿಗೆ ಬಿದ್ದಿದೆ. ಇಳಕಲ್ಲಿನ ನೇಕಾರರ ಹೆಣ್ಣುಮಗಳೊಬ್ಬಳು, ದಂಡಿನಲ್ಲಿ ಸತ್ತ ಗಂಡ ಬಿಟ್ಟುಹೋದ ನೂಲಿನಿಂದ ಸೆರಗು ನೇಯ್ದು, ತನ್ನ ಸೀರೆಯ ಒಡಲಿಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾಳೆ. ಅದನ್ನು ಸೊಂಟಕ್ಕೆ ಸುತ್ತಿಕೊಂಡರೆ, ಕೊಂಡಿ ಬಿಚ್ಚುವವರೆಗೆ, ಜನರ ಕಣ್ಣಿಗೆ ಅವಳು ಆ ಗಂಡನೇ. ಬದುಕಿ ಮರಳಿದನೆಂದು ಎಲ್ಲರೂ ನಂಬುತ್ತಾರೆ. ಹಾಗೆಯೇ ಮೇಲೇರಿ ಸರದಾರನ ಬಲಗೈ ಆಗುತ್ತಾಳೆ. ಅವಳ ಗಂಡನನ್ನು ಸಾವಿನ ಬಾಯಿಗೆ ಕಳಿಸಿ, ಅವನ ಗೆಲುವನ್ನು ತನ್ನದೆಂದು ಹೇಳಿಕೊಂಡವನು ಇವನೇ. ಗಂಡನ ವೇಷದಲ್ಲೇ ಅವನಿಗೆ ಚೂರಿ ಹಾಕುತ್ತಾಳೆಂದು ಟಿಪ್ಪಣಿ ಮಾಡಿಟ್ಟಿದ್ದೆ; ಇನ್ನು ಕೊಲ್ಲುವುದೊಂದೇ ಉಳಿದಿತ್ತು.

ಮಗ್ಗದ ವಿವರ ತಪ್ಪಬಾರದೆಂದು ಇಳಕಲ್ಲಿಗೆ ಹೋಗಿ, ನಮ್ಮ ಮನೆತನಕ್ಕೆ ಸೀರೆ ನೇಯ್ದುಕೊಡುವ ಹೆಂಗಸಿಗೆ ಕೊನೆಯ ಕೊಲೆಯವರೆಗೂ ಕಥೆ ಹೇಳಿ, ಬರೆದದ್ದನ್ನು ಓದಿದೆ. ಸರದಾರ ಆ ಬಟ್ಟೆಯ ಕೊಂಡಿಯನ್ನು ಹೆಬ್ಬೆರಳಿನಿಂದ ಜಗ್ಗಿ, ಮೂಗಿಗೆ ಹಿಡಿದು ನೋಡುವಲ್ಲಿ ಅವಳು ಲಾಳಿ ನಿಲ್ಲಿಸಿದಳು.

“ಅಕ್ಕಾರ, ಕೊಂಡಿ ಎಲ್ಲಾರೂ ಜಗ್ಗಿ ನೋಡ್ತಾರ್ರಿ. ಮೂಸಿ ನೋಡಾವ್ರು ಹುನಗುಂದದ ವಕೀಲ ಸಾಹೇಬ್ರು ಒಬ್ರ. ನಿಮ್ಮ ಅಣ್ಣಾರು.”

“ಕಥಿ ಅದು,” ಅಂದೆ.

“ಹೌದ್ರಿ. ಕಥ್ಯಾಗ ಅಣ್ಣಾರನ್ನ ಯಾಕ ಕೊಲ್ಲಾಕತ್ತೀರಿ?”

ಹಾಳೆಗಳನ್ನು ಮಡಚಿ ಚೀಲಕ್ಕೆ ತುರುಕಿದೆ. ಕಾನ್ವೆಂಟಿನಲ್ಲಿದ್ದಾಗ ನಾನೊಂದು ಕಥೆ ಬರೆದಿದ್ದೆ. ಹುಡುಗಿಯ ಹೆಸರಿದ್ದರೆ ಯಾರೂ ಛಾಪಿಸುವುದಿಲ್ಲವೆಂದು ಅಣ್ಣ ತನ್ನ ಹೆಸರು ಹಾಕಿ ಕಾಲೇಜ್ ಮ್ಯಾಗಝಿನ್‌ಗೆ ಕೊಟ್ಟ. ಫಸ್ಟ್ ಪ್ರೈಜ್ ಬಂತು. ಮನೆಗೆ ಬಂದವರೆಲ್ಲ ಹೊಗಳಿದಾಗ ಅವನು ತಲೆ ತಗ್ಗಿಸಿ ನಕ್ಕ, ಬಾಯಿ ಬಿಡಲಿಲ್ಲ. ಬಂದವರಿಗೆ ಚಹಾ ಕೊಟ್ಟವಳು ನಾನೇ. ಸಿಸ್ಟರ್‌ಗಳು ಕಲಿಸಿದ ಹಾಗೆ ಫರ್ಗಿವ್ ಅಂಡ್ ಫರ್ಗೆಟ್ ಅನ್ನುತ್ತ ಇಷ್ಟು ವರ್ಷ ಕಳೆದಿದ್ದೆ.

ಬಸ್ಸಿನಲ್ಲಿ ಕೂತರೂ ಕೂತಂತಿರಲಿಲ್ಲ. ನನ್ನ ಮನೆಯಿರುವ ನವನಗರಕ್ಕೆ ಟಿಕೆಟ್ ತೆಗೆಸಿದವಳು ಹುನಗುಂದದಲ್ಲೇ ಇಳಿದುಬಿಟ್ಟೆ. ಅಣ್ಣನ ಕೈಗೆ ಹಾಳೆಗಳನ್ನು ಕೊಟ್ಟು, ಅವನು ಓದಿ ಮುಗಿಸುವವರೆಗೆ ನಿಂತೇ ಇದ್ದೆ.

“ಈ ಸರದಾರ ನಾನ ಅಲ್ಲೇನು?”

“ಹೂಂ.”

“ಆ ಕಥಿ ನಿಂದು ಅಂತ ನಾ ಯಾರಿಗೂ ಹೇಳ್ಲಿಲ್ಲ. ಹೇಳಬೇಕಿತ್ತು.” ಕನ್ನಡಕ ತೆಗೆದು ಒರೆಸಿದ. “ಆದ್ರ ಇಕಿ ಹಿಂಗ್ಯಾಕ ಕೊಲ್ತಾಳ? ಗಂಡನ ವೇಷದಾಗ ಚೂರಿ ಹಾಕಿದ್ರ, ಸಾಯಾಂವಗ ಯಾರು ಕೊಂದ್ರು ಅಂತ ಗೊತ್ತಾಗಬೇಕೋ ಬ್ಯಾಡೋ? ಮೊದಲ ಕೊಂಡಿ ಬಿಚ್ಚಸು. ಆಮ್ಯಾಲ ಕೊಲ್ಲಸು.”

ವಕೀಲನ ಬುದ್ಧಿ. ಸಿಟ್ಟು ಬಂತು, ಅವನು ಹೇಳಿದ್ದು ಸರಿಯಾಗಿದೆ ಅನ್ನಿಸಿ ಇನ್ನಷ್ಟು ಬಂತು.

ಮನೆಗೆ ಬಂದವಳೇ ಕೊಂಡಿ ಬಿಚ್ಚಿಸಿದೆ. ಈಗ ಅವಳು ತನ್ನದೇ ಮುಖದಲ್ಲಿ ಚೂರಿ ಹಿಡಿದು ನಿಂತಿದ್ದಾಳೆ. ಯಾರ ಹೆಂಡತಿ, ಯಾಕೆ ಬಂದಿದ್ದಾಳೆ ಎಂಬುದು ಸರದಾರನಿಗೆ ತಿಳಿದುಹೋಗಿದೆ. ಅವನು ಓಡುತ್ತಲೂ ಇಲ್ಲ. ಮೂರು ವಾರದಿಂದ ಒಂದು ಸಾಲು ಬರೆಯುತ್ತೇನೆ, ಹೊಡೆದುಹಾಕುತ್ತೇನೆ, ಎದ್ದು ಅಡ್ಡಾಡುತ್ತೇನೆ.

ಅಣ್ಣ ದಿನಾ ಸಂಜೆ ಫೋನ್ ಮಾಡುತ್ತಾನೆ.

“ಸತ್ನೇನು?”

“ಇನ್ನೂ ಇಲ್ಲ.”

“ಲಗೂ ಮುಗಸವಾ. ನಾ ಓದಬೇಕಲ್ಲ,” ಅಂದ ನಿನ್ನೆ.

ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.