ಕಾಲರ್ ಮೂಲೆಯಲ್ಲಿ ಉಳಿದ ಪಿನ್ನು

2025ರ ಶ್ರಾವಣ. ವರಮಹಾಲಕ್ಷ್ಮಿ ಹಬ್ಬ ಮುಗಿದ ಭಾನುವಾರ ಬೆಳಿಗ್ಗೆ, ಹೊಳೆನರಸೀಪುರದ ನಮ್ಮ ಮನೆಯ ಹಿತ್ತಲಲ್ಲಿ ಕೂತು ಕಳಶದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಆಗ ನಾನು ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸೇರಿ ಹನ್ನೊಂದು ವರ್ಷವಾಗಿತ್ತು. ಗಿರಿಜಾಳ ಫೋನ್ ಬಂತು. ಅವಳು ನನ್ನ ಪಕ್ಕದ ಮಿಷನ್ನಿನವಳು, ದಿನಾ ಒಂದೇ ಕಂಪನಿ ಬಸ್ಸಿನಲ್ಲಿ ಜೊತೆಗೆ ಬರುವವಳು.

“ಅಕ್ಕ, ಕೇಳುದ್ರಾ? ನಮ್ ಲೈನು ನಿಲ್ಲಿಸ್ಬುಡ್ತಾರಂತೆ ಕಣಕ್ಕ. ಅಮೆರಿಕದೋರು ಆರ್ಡ್ರು ಬ್ಯಾಡ ಅಂದ್ಬುಟ್ಟವ್ರಂತೆ.”

“ಯಾರೇ ಏಳಿದ್ದು?”

“ಬಸ್ ಡ್ರೈವರಣ್ಣ.”

“ಓ, ಅಮೆರಿಕದೋರು ಅವನಿಗೇ ಮದ್ಲು ಫೋನ್ ಮಾಡಿದ್ರಾ?” ಎಂದು ನಕ್ಕುಬಿಟ್ಟೆ. ಸೋಮವಾರ ಹೋಗಿ ನೋಡಿದರೆ ಡ್ರೈವರಣ್ಣ ಹೇಳಿದ್ದು ನಿಜವಾಗಿತ್ತು.

ಹೊರಗಿನವರಿಗೆ ಲೈನ್ ಎಂದರೆ ಏನೆಂದು ಹೇಳಬೇಕು. ಗಾರ್ಮೆಂಟ್ಸ್‌ನಲ್ಲಿ ಒಂದು ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬಳು ಜೇಬು, ಒಬ್ಬಳು ತೋಳು, ಒಬ್ಬಳು ಗುಂಡಿ. ಹೀಗೆ ಸಾಲಾಗಿ ಕೂತವರ ಕೈ ದಾಟಿ ಕೊನೆಯಲ್ಲಿ ಅಂಗಿಯಾಗುತ್ತದೆ. ಆ ಸಾಲೇ ಲೈನ್. ನಮ್ಮದು ನಾಲ್ಕನೇ ಲೈನ್, ಮೂವತ್ತೆಂಟು ಜನ. ಅದರಲ್ಲಿ ಕಾಲರ್ ಹೊಲಿಯುವ ನಾಲ್ವರಲ್ಲಿ ನಾನೊಬ್ಬಳು. ಜೇಬು ಸೊಟ್ಟಗಾದರೆ ಯಾರೂ ನೋಡುವುದಿಲ್ಲ, ಕಾಲರ್ ಸೊಟ್ಟಗಾದರೆ ಹಾಕಿಕೊಂಡವನ ಮುಖವೇ ಸೊಟ್ಟಗೆ ಕಾಣುತ್ತದೆ. ಕಾಲರ್‌ನ ಎರಡು ಮೂಲೆ ಚೂಪಾಗಿ, ಸಮನಾಗಿ ಬರಬೇಕು. ನನ್ನಷ್ಟು ಚೂಪಾಗಿ ಆ ಕಾರ್ಖಾನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸೂಪರ್‌ವೈಸರೇ ಹೇಳುತ್ತಿದ್ದರು.

ನಮ್ಮ ಅಂಗಿಗಳೆಲ್ಲ ಹೋಗುತ್ತಿದ್ದದ್ದು ಅಮೆರಿಕಕ್ಕೆ. ಅಲ್ಲಿಯವರು ನಮ್ಮ ದೇಶದ ಬಟ್ಟೆಯ ಮೇಲೆ ಸುಂಕ ಏರಿಸಿದ್ದರಿಂದ ಖರೀದಿದಾರರು ಹಿಂದೆ ಸರಿದಿದ್ದರು. ಎರಡು ಲೈನ್ ಆಗಲೇ ನಿಂತಿದ್ದವು. ಆ ವಾರವೇ ಸರ್ಕಾರದ ಕಡೆಯಿಂದ ಇಲಾಖೆಯ ಒಬ್ಬರು ಮೇಡಂ ಬಂದರು. ನಮ್ಮನ್ನೆಲ್ಲ ಊಟದ ಹಾಲ್‌ನಲ್ಲಿ ಕೂರಿಸಿ ಅವರು ಹೇಳಿದ್ದು ಇಷ್ಟು: ಕಾರ್ಖಾನೆ ಯಾರನ್ನೂ ತಕ್ಷಣ ಕೆಲಸದಿಂದ ತೆಗೆಯಬಾರದು, ಬೇರೆ ದೇಶಕ್ಕೆ ಮಾರುವಂಥ ಬಟ್ಟೆ ಹೊಲಿಯಲು ಮೂವತ್ತು ದಿನ ತರಬೇತಿ ಕೊಡಬೇಕು, ಆ ದಿನಗಳ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರ ಹೊರುತ್ತದೆ. ಜಪಾನಿನ ಒಬ್ಬರು ಖರೀದಿದಾರರು ಕೂಸುಗಳ ಅಂಗಿ ಕೇಳಿದ್ದಾರೆ. ತರಬೇತಿಯ ಕೊನೆಗೆ ಆರುನೂರು ಅಂಗಿ ಹೊಲಿದು ತೋರಿಸಬೇಕು. ಪಾಸಾದರೆ ಆರ್ಡರ್ ಬರುತ್ತದೆ, ನಾಲ್ಕನೇ ಲೈನ್ ಉಳಿಯುತ್ತದೆ. ಫೇಲಾದರೆ ಮೂವತ್ತೆಂಟು ಜನವೂ ಮನೆಗೆ.

“ಇನ್ನೊಂದು ವಿಷಯ,” ಎಂದರು ಮೇಡಂ. “ನಿಮಗೆ ಕಲಿಸೋರು ಹೊರಗಿಂದ ಬರಲ್ಲ. ನಿಮ್ಮಲ್ಲೇ ಒಬ್ಬರನ್ನ ತರಬೇತುದಾರರು ಅಂತ ಆರಿಸ್ತೀವಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡೆ.

ಪರೀಕ್ಷೆಗೆ ನಿಂತವರು ಇಬ್ಬರು: ನಾನು ಮತ್ತು ಯಶೋದ. ಯಶೋದ ಅರಕಲಗೂಡಿನ ಕಡೆ, ಮಲ್ಲಿಪಟ್ಟಣದವಳು. ನಾನು ಸೇರಿದ ಐದು ವರ್ಷಕ್ಕೆ ದಾರ ಕತ್ತರಿಸುವ ಹೆಲ್ಪರ್ ಆಗಿ ಬಂದವಳು. ಅವಳನ್ನು ಮಿಷನ್ ಮೇಲೆ ಕೂರಿಸಿ ಪೆಡಲ್ ಒತ್ತಿಸಿದವಳೇ ನಾನು. ಪರೀಕ್ಷೆಯಲ್ಲಿ ಮೇಡಂ ನನಗೆ, “ಕಾಲರ್ ಹೊಲಿಯೋದನ್ನ ಇವರಿಗೆ ಹೇಳಿಕೊಡಿ” ಎಂದು ಒಬ್ಬ ಹೊಸ ಹುಡುಗಿಯನ್ನು ಮುಂದೆ ಕೂರಿಸಿದರು. ಅವಳು ಎರಡು ಸಲ ತಪ್ಪು ಮಾಡಿದಳು. ನನಗೆ ತಡೆಯಲಾಗದೆ ಬಟ್ಟೆ ಕಿತ್ತುಕೊಂಡು, “ಇಂಗೆ ಕಣಮ್ಮಿ, ನೋಡು” ಎಂದು ನಾನೇ ಹೊಲಿದುಬಿಟ್ಟೆ. ಯಶೋದ ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಲ್ಲೇ ಹೇಳಿ ಹೇಳಿ, ಆ ಹುಡುಗಿಯ ಕೈಯಲ್ಲೇ ಹೊಲಿಸಿದಳು. ಮೂಲೆ ಮೊಂಡಾಗಿತ್ತು. ಆದರೂ ಅವಳನ್ನೇ ಆರಿಸಿದರು. ಕೊರಳಿಗೆ ನೀಲಿ ಪಟ್ಟಿಯ ಬ್ಯಾಡ್ಜ್ ಹಾಕಿದರು.

ಆ ಮೂವತ್ತು ದಿನ ನನಗೆ ಅನ್ನ ಸೇರಲಿಲ್ಲ. ನೀಲಿ ಪಟ್ಟಿ ಕಂಡರೆ ಉರಿ. “ಯಶೋದಕ್ಕ” ಎಂದು ಯಾರಾದರೂ ಕರೆದರೆ ಉರಿ. ಶನಿವಾರ ನರಸಿಂಹಸ್ವಾಮಿ ಗುಡಿಗೆ ಹೋದಾಗ ಕೈಮುಗಿದು ನಾನು ಕೇಳಿಕೊಂಡದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: “ಸ್ವಾಮಿ, ನಮ್ಮ ಲೈನ್ ಉಳಿಸು. ಅವಳ ಬ್ಯಾಡ್ಜ್ ಮಾತ್ರ ಕಳಚಿಸು.”

ಕೂಸಿನ ಬಟ್ಟೆಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಲೋಹದ ಚೂರು ಏನೂ ಅದರಲ್ಲಿ ಉಳಿಯಬಾರದು, ಕೂಸಿಗೆ ಚುಚ್ಚೀತು. ಸೂಜಿ ಮುರಿದರೆ ಅದರ ಎಲ್ಲ ಚೂರನ್ನೂ ಹುಡುಕಿ ಹಾಳೆಗೆ ಅಂಟಿಸಿ ತೋರಿಸುವ ತನಕ ಕೆಲಸ ಮುಂದುವರಿಯುವಂತಿಲ್ಲ. ಪಿನ್ನು, ಹೇರ್‌ಕ್ಲಿಪ್ ಎಲ್ಲವನ್ನೂ ಬಾಗಿಲಲ್ಲೇ ಡಬ್ಬಕ್ಕೆ ಹಾಕಿ, ರಿಜಿಸ್ಟರಿನಲ್ಲಿ ಬರೆಸಿ ಒಳಗೆ ಹೋಗಬೇಕು. ಬರೆದುಕೊಳ್ಳುವ ಕೆಲಸ ಯಶೋದಳದು.

ನಮ್ಮ ಕಡೆ ಹೆಂಗಸರು ತಾಳಿಸರಕ್ಕೆ ಎರಡೋ ಮೂರೋ ಪಿನ್ನು ಸಿಕ್ಕಿಸಿಕೊಂಡಿರುತ್ತೇವೆ. ಸೆರಗಿಗೆ ಬೇಕಾಗುತ್ತದೆ, ಕಾಲಿಗೆ ಮುಳ್ಳು ಚುಚ್ಚಿದರೆ ಬೇಕಾಗುತ್ತದೆ, ಚಪ್ಪಲಿ ಕಿತ್ತರೆ ಬೇಕಾಗುತ್ತದೆ. ನನ್ನ ಸರದಲ್ಲಿ ಮೂರಿದ್ದವು. ನಮ್ಮತ್ತೆ ಹಾಕಿಕೊಟ್ಟ ಹಳೆಯ ಹಿತ್ತಾಳೆಯವು. ಅವುಗಳ ಇನ್ನೊಂದು ಉಪಯೋಗ ನನಗೊಬ್ಬಳಿಗೇ ಗೊತ್ತಿತ್ತು. ಹೊಲಿದ ಕಾಲರನ್ನು ಒಳಹೊರಗು ಮಾಡಿದಾಗ ಮೂಲೆ ಒಳಗೇ ಕೂತಿರುತ್ತದೆ. ಎಲ್ಲರೂ ಅದನ್ನು ಪ್ಲಾಸ್ಟಿಕ್ ಕಡ್ಡಿಯಿಂದ ತಳ್ಳುತ್ತಿದ್ದರು. ನಾನು ಯಾರೂ ನೋಡದ ಹಾಗೆ ಪಿನ್ನಿನ ಮೊನೆಯಿಂದ ಹೊರಗೆ ಎಳೆಯುತ್ತಿದ್ದೆ. ನನ್ನ ಮೂಲೆ ಚೂಪಾಗಲು ಇದೇ ಕಾರಣ. ಹನ್ನೊಂದು ವರ್ಷ ಗಿರಿಜಾಳಿಗೂ ಹೇಳಿರಲಿಲ್ಲ.

ಹೀಗಾಗಿ ಮೊದಲ ದಿನ ಬಾಗಿಲಲ್ಲಿ ಯಶೋದ, “ಅಕ್ಕ, ಪಿನ್ನು?” ಎಂದಾಗ ನಾನು ಗಟ್ಟಿಯಾಗಿ, “ತಾಳಿನೇ ಬಿಚ್ಚಿಕೊಟ್ಬುಡ್ಲೇನಮ್ಮ ನಿಂಗೆ? ಬ್ಯಾಡ್ಜ್ ಜೊತೆಗೆ ಅದ್ನೂ ಆಕ್ಕೊ” ಎಂದೆ.

ಹಿಂದೆ ನಿಂತವರೆಲ್ಲ ಘೊಳ್ಳೆಂದು ನಕ್ಕರು. ಯಶೋದಳ ಮುಖ ಕೆಂಪಾಯಿತು. ತಲೆ ತಗ್ಗಿಸಿ ನನ್ನ ಹೆಸರಿನ ಮುಂದೆ “ಇಲ್ಲ” ಎಂದು ಬರೆದುಕೊಂಡಳು. ಆಮೇಲೆ ಒಂದು ದಿನವೂ ನನ್ನನ್ನು ಕೇಳಲಿಲ್ಲ. ಗೆದ್ದೆ ಅಂದುಕೊಂಡೆ.

ಮೂವತ್ತನೆಯ ದಿನ ಮಧ್ಯಾಹ್ನ, ಆರುನೂರು ಅಂಗಿಯ ಲಾಟ್ ಮುಗಿದು, ಪೆಟ್ಟಿಗೆಗಳು ಒಂದೊಂದಾಗಿ ಲೋಹ ಪತ್ತೆಮಾಡುವ ಯಂತ್ರದೊಳಗೆ ಹೋಗುತ್ತಿದ್ದವು. ಈ ಯಂತ್ರ ತರಿಸಲೂ ಸರ್ಕಾರ ನೆರವು ಕೊಟ್ಟಿತ್ತು. ಖರೀದಿದಾರರ ಇನ್‌ಸ್ಪೆಕ್ಟರ್ ಪಕ್ಕದಲ್ಲೇ ನಿಂತಿದ್ದರು; ಇಲಾಖೆಯ ಮೇಡಂ, ಮ್ಯಾನೇಜರ್ ಇಬ್ಬರೂ ಇದ್ದರು. ಒಂಬತ್ತನೆಯ ಪೆಟ್ಟಿಗೆಗೆ ಯಂತ್ರ ಕೂಗಿಕೊಂಡಿತು. ಪೆಟ್ಟಿಗೆ ಬಿಚ್ಚಿ ಅಂಗಿಗಳನ್ನು ಒಂದೊಂದಾಗಿ ಹಾಯಿಸಿದರು. ಒಂದು ಹಳದಿ ಅಂಗಿಯ ಕಾಲರ್ ಮಡಿಕೆಯೊಳಗಿಂದ ಪಿನ್ನು ಹೊರಬಂತು.

ಮ್ಯಾನೇಜರ್ ರಿಜಿಸ್ಟರ್ ತರಿಸಿದರು. “ಯಶೋದ, ದಿನಾ ಎಲ್ಲರದೂ ತಗೊಂಡಿದೀನಿ ಅಂತ ಸೈನ್ ಮಾಡಿದೀಯ. ಇದೆಲ್ಲಿಂದ ಬಂತು?”

ನಾನು ದೂರದಲ್ಲಿದ್ದೆ, ಪಿನ್ನು ಕಾಣುತ್ತಿರಲಿಲ್ಲ. ಕಂಡದ್ದು ಯಶೋದಳ ಮುಖ ಮಾತ್ರ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಲೈನಿನ ನೆನಪೇ ಆಗಲಿಲ್ಲ. ಬಾಯಾರಿದಾಗ ಮಜ್ಜಿಗೆ ಕುಡಿದ ಹಾಗಾಯಿತು. ಸ್ವಾಮಿ ಕಿವಿಗೊಟ್ಟನಲ್ಲ ಎಂದುಕೊಂಡು, ಅಭ್ಯಾಸದಂತೆ ಕೈಯನ್ನು ತಾಳಿಗೆ ತಂದೆ. ಸರದಲ್ಲಿ ಎರಡೇ ಪಿನ್ನು.

ಬೆಳಿಗ್ಗೆಯ ಅವಸರದಲ್ಲಿ ಮೂಲೆ ಎಳೆದ ಪಿನ್ನನ್ನು ಕಾಲರ್ ಒಳಗೇ ಬಿಟ್ಟಿದ್ದೆ.

ಇನ್‌ಸ್ಪೆಕ್ಟರ್ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮೇಡಂ ಅದನ್ನು ಕನ್ನಡದಲ್ಲಿ ಹೇಳಿದರು: “ಪಿನ್ನು ಯಾರದು, ಹೇಗೆ ಬಂತು ಅಂತ ಖಚಿತವಾದ್ರೆ ಅವರ ಕೈ ದಾಟಿದ ಅಂಗಿ ಮಾತ್ರ ಮತ್ತೆ ತಪಾಸಣೆ ಮಾಡ್ತಾರೆ. ಗೊತ್ತಾಗಲಿಲ್ಲ ಅಂದ್ರೆ ಆರುನೂರೂ ವಾಪಸ್. ಆರ್ಡರ್ ಇಲ್ಲ.”

ನಾನು ತಾಳಿಸರವನ್ನು ಸೆರಗಿನೊಳಗೆ ತಳ್ಳಿದೆ. ಗಿರಿಜ ಅಳಲು ಶುರುಮಾಡಿದಳು. ಅವಳ ದುಡಿಮೆಯಿಂದಲೇ ಅವಳ ಮನೆ ನಡೆಯುತ್ತಿತ್ತು, ಅದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ.

ಆಗ ಯಶೋದ ಒಂದು ಹೆಜ್ಜೆ ಮುಂದೆ ಬಂದಳು. “ನಂದು ಸಾ. ನನ್ ತಾಳಿಲಿತ್ತು. ತೆಗೆಯೋದು ಮರ್ತುಬುಟ್ಟೆ. ಕಾಲರ್ ತೋರುಸ್ಕೊಡೋವಾಗ ಬಿದ್ದೋಗದೆ.”

ಲೈನಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಎಲ್ಲರ ಕಣ್ಣು ಅವಳ ಮೇಲೆ. ಗಿರಿಜ ಅಳುತ್ತಲೇ ಅವಳತ್ತ ನೋಡಿದಳು, ಗುಡಿಯಲ್ಲಿ ಮಂಗಳಾರತಿ ನೋಡುವ ಹಾಗೆ. ಮೇಡಂ ಕೂಡ ಯಶೋದಳ ಭುಜ ಮುಟ್ಟಿದರು. ಆ ನೋಟ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಬ್ಯಾಡ್ಜ್ ಅವಳದಾಯಿತು, ಅಕ್ಕ ಎನ್ನಿಸಿಕೊಳ್ಳುವುದು ಅವಳದಾಯಿತು, ಈಗ ನನ್ನ ತಪ್ಪನ್ನು ಹೊತ್ತು ದೇವತೆ ಅನ್ನಿಸಿಕೊಳ್ಳುವುದೂ ಅವಳಿಗೇ?

“ಅವ್ಳದಲ್ಲ ಸಾ, ನಂದು!” ನನಗೆ ಗೊತ್ತಿಲ್ಲದೆಯೇ ಕೂಗಿದ್ದೆ.

ಯಶೋದ ಹತ್ತಿರ ಬಂದು ಪಿಸುಗುಟ್ಟಿದಳು: “ಸುಮ್ನಿರಿ ಅಕ್ಕ. ನಂಗೇನೋ ಬೈದು ಬುಟ್ಬುಡ್ತಾರೆ.”

“ನೀನ್ಯಾರೇ ನನ್ ಪಿನ್ನು ನಿಂದು ಅನ್ನೋಕೆ?” ಎಂದು ತಾಳಿಸರ ಹೊರಗೆಳೆದು ಎರಡು ಪಿನ್ನು ತೋರಿಸಿದೆ. ಅದೇ ಹಿತ್ತಾಳೆ, ಅದೇ ಹಳೆಯ ಮಾದರಿ. ಮೂಲೆಯನ್ನು ಹೇಗೆ ಎಳೆಯುತ್ತಿದ್ದೆ ಎಂಬುದನ್ನೂ ಎಲ್ಲರ ಮುಂದೆ ತೋರಿಸಬೇಕಾಯಿತು; ಇಲ್ಲದಿದ್ದರೆ ಇನ್‌ಸ್ಪೆಕ್ಟರ್ ನಂಬುತ್ತಿರಲಿಲ್ಲ. ಮೂವತ್ತೇಳು ಜನ ಕುತ್ತಿಗೆ ಉದ್ದ ಮಾಡಿ ನೋಡಿದರು. ಹನ್ನೊಂದು ವರ್ಷ ಬಚ್ಚಿಟ್ಟ ಗುಟ್ಟು ಎರಡೇ ನಿಮಿಷದಲ್ಲಿ ಎಲ್ಲರದಾಯಿತು.

ಆ ಲಾಟ್‌ನಲ್ಲಿ ನನ್ನ ಕೈಯಿಂದ ಹೋದದ್ದು ನೂರೈವತ್ತು ಅಂಗಿ. ಒಂದೊಂದನ್ನೂ ಯಂತ್ರಕ್ಕೆ ಮೂರು ಸಲ ಹಾಯಿಸಿದರು. ಬೇರೇನೂ ಸಿಗಲಿಲ್ಲ. ಇನ್‌ಸ್ಪೆಕ್ಟರ್ ಸಹಿ ಹಾಕಿದರು. ನಾಲ್ಕನೇ ಲೈನ್ ಉಳಿಯಿತು.

ನಾನು ಉಳಿಯಲಿಲ್ಲ. ಮ್ಯಾನೇಜರ್ ಒಳಗೆ ಕರೆದು, “ನೋಡಮ್ಮ, ಬೇಕಂತ ಮಾಡಿದ್ದಲ್ಲ ಅಂತ ನಂಗೂ ಗೊತ್ತು. ಆದ್ರೆ ಕೂಸಿನ ಬಟ್ಟೆ ಲೈನಲ್ಲಿ ಇನ್ನು ನಿನ್ನ ಕೂರ್ಸಂಗಿಲ್ಲ, ಅದವರ ಕಂಡೀಷನ್ನು. ದೊಡ್ಡೋರ ಅಂಗಿ ಲೈನು ಮತ್ತೆ ಶುರುವಾದ್ರೆ ಕರೀತೀನಿ” ಎಂದರು. ಆ ಲೈನ್ ಇನ್ನೂ ಶುರುವಾಗಿಲ್ಲ. ಬಾಗಿಲ ಬಳಿ ಯಶೋದ ನನ್ನ ಟಿಫನ್ ಬಾಕ್ಸ್ ಹಿಡಿದು ನಿಂತಿದ್ದಳು.

“ಪಿನ್ನು ನಂದು ಅಂತ್ಲೇ ಬುಟ್ಟಿದ್ರೆ ನಿಮ್ ಕೆಲ್ಸ ಓಗ್ತಿರ್ಲಿಲ್ಲ ಅಕ್ಕ. ಯಾಕೆ ಅಂಗ್ ಮಾಡುದ್ರಿ?”

ಹೊಟ್ಟೆಕಿಚ್ಚಿಗೆ ಎಂದು ಹೇಳಲು ಬಾಯಿ ಬರಲಿಲ್ಲ. “ದೇವ್ರು ನುಡಿಸ್ದ” ಎಂದೆ. ಎಲ್ಲರೂ ಅದನ್ನೇ ನಂಬಿದ್ದಾರೆ. ಇವತ್ತಿಗೂ ಬಸ್ಸಿನಲ್ಲಿ ನನ್ನ ಸತ್ಯವಂತಿಕೆಯ ಮಾತು ಬರುತ್ತದಂತೆ. ಇದನ್ನು ಓದಿದ ಮೇಲೆ ಬರದಿರಬಹುದು.

ಈಗ ನಾನು ಮನೆಯಲ್ಲೇ ಇದ್ದೇನೆ. ತರಬೇತಿಯ ಮೂವತ್ತು ದಿನದ ಸಂಬಳ ತಪ್ಪದೆ ಬಂತು, ದೇವರು ದೊಡ್ಡವನು. ಸೊಂಟದ ನೋವು ಕಡಿಮೆಯಾಗಿದೆ, ಅದೂ ಅವನ ಕೃಪೆ. ಬೆಳಿಗ್ಗೆ ದೀಪ ಹಚ್ಚಿ ತುಳಸಿಗೆ ನಿಧಾನವಾಗಿ ಎರಡು ಪ್ರದಕ್ಷಿಣೆ ಹಾಕುವಷ್ಟು ಹೊತ್ತು ಸಿಗುತ್ತದೆ. ಏಳೂಕಾಲಿಗೆ ಕಂಪನಿ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಹಾರನ್ ಹೊಡೆಯುವಾಗ ಮಾತ್ರ ಬಾಗಿಲಿಗೆ ಬರುವುದಿಲ್ಲ.

ಆ ಕೆಲಸ ನನಗೆ ಕಲಿಸಿದ್ದನ್ನು ಹೇಳಬೇಕೆಂದರೆ ಹೀಗೆ ಹೇಳುತ್ತೇನೆ. ಸರ್ಕಾರ ಯಂತ್ರ ಕೊಡಬಹುದು, ತರಬೇತಿ ಕೊಡಬಹುದು, ದೂರದ ದೇಶದ ಖರೀದಿದಾರರನ್ನು ನಮ್ಮ ಬಾಗಿಲಿಗೆ ಕರೆತರಬಹುದು. ನಮಗೆ ಗೊತ್ತಿರುವುದನ್ನು ಪಕ್ಕದ ಮಿಷನ್ನಿನವಳಿಗೆ ಹೇಳಿಕೊಡುವ ಮನಸ್ಸನ್ನು ಯಾವ ಇಲಾಖೆಯೂ ಕೊಡಲಾರದು. ಪಿನ್ನಿನ ವಿಷಯ ಮೊದಲೇ ಯಶೋದಳಿಗೆ ಹೇಳಿದ್ದಿದ್ದರೆ ಇಬ್ಬರೂ ಸೇರಿ ಅದಕ್ಕೆ ಬದಲಾಗಿ ಏನಾದರೂ ಹುಡುಕುತ್ತಿದ್ದೆವು. ನಾನು ಹೇಳಲಿಲ್ಲ. ಅವಳೇ ಹುಡುಕಿಕೊಂಡಳು.

ಅದು ಗೊತ್ತಾದದ್ದು ನಿನ್ನೆ, ಗಿರಿಜ ಫೋನ್ ಮಾಡಿದಾಗ. ಜಪಾನಿನವರು ಎರಡನೆಯ ಆರ್ಡರ್ ಕೊಟ್ಟಿದ್ದಾರಂತೆ, ಲೈನಿಗೆ ಇನ್ನೂ ಹತ್ತು ಜನರನ್ನು ತೆಗೆದುಕೊಳ್ಳುತ್ತಾರಂತೆ.

“ಒಳ್ಳೇದಾಯ್ತು ಬುಡು,” ಎಂದೆ. ಆಮೇಲೆ ಕೇಳಿದೆ, “ನನ್ ಜಾಗ್ದಲ್ಲಿ ಕಾಲರ್ ಯಾರು ಒಲೀತಾರೆ ಈಗ?”

“ಯಶೋದಕ್ಕನೇ. ಬಿದಿರುಕಡ್ಡಿ ತುದಿ ಸೀಳಿ, ಅದ್ರಲ್ಲಿ ದಾರ ಸಿಗಾಕಿ ಮೂಲೆ ಎಳೀತಾರೆ. ನಮ್ಗೆಲ್ಲ ಕಲಿಸವ್ರೆ.”

“ನೆಟ್ಟಗೆ ಬತ್ತದಾ?”

“ನಿಮ್ದುಕ್ಕಿಂತ ಚೂಪು ಕಣಕ್ಕ,” ಎಂದು ಗಿರಿಜ ನಕ್ಕಳು.

ನಾನು ನಗಲಿಲ್ಲ. ಹಿಟ್ಟು ಮುಗಿದಿದೆ, ಆಮೇಲೆ ಮಾತಾಡುತ್ತೇನೆ ಎಂದು ಫೋನ್ ಇಟ್ಟು, ಮೊರಕ್ಕೆ ನಾಲ್ಕು ಸೇರು ರಾಗಿ ಸುರಿದುಕೊಂಡು ಕಲ್ಲು ಆರಿಸಲು ಕೂತೆ.