ಹುಳವಿಲ್ಲದ ಚಿಟ್ಟೆ ಪಾರ್ಕು

ರೈಲ್ವೆ ಕೌಂಟರಿನಲ್ಲಿ ಮೂವತ್ತೆರಡು ವರ್ಷ ಟಿಕೆಟ್ ಕೊಟ್ಟು ನಿವೃತ್ತರಾದ ವಾಸಂತಿ, ವೇಲಚೇರಿಯ ತಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಕಾಂಪೌಂಡ್ ಗೋಡೆಗೆ ಈಶ್ವರಿ ಬಳ್ಳಿ ಹಬ್ಬಿಸಿದ್ದರು. ಹತ್ತಿರದ ಗಿಂಡಿ ಕಾಡಿನ ಕಡೆಯಿಂದ ಕೆಂಪು ಮೈಯ, ಕಪ್ಪು ರೆಕ್ಕೆಯ ಚಿಟ್ಟೆಗಳು ಆ ಎಲೆಯನ್ನೇ ಹುಡುಕಿ ಬಂದು ಮೊಟ್ಟೆಯಿಡುತ್ತಿದ್ದವು. ಅವುಗಳ ಮರಿಹುಳ ಬೇರೆ ಸೊಪ್ಪು ಮುಟ್ಟುವುದಿಲ್ಲ. ಎಲೆಯ ವಿಷವನ್ನೇ ಮೈಗೂಡಿಸಿಕೊಂಡು ಹಕ್ಕಿಗಳಿಗೆ ಬೇಡವಾಗಿ ಬದುಕುತ್ತದೆ.

ಅಸೋಸಿಯೇಷನ್ ಸೆಕ್ರೆಟರಿ ನಾಗರಾಜ ಮೈಸೂರಿನವರು, ಶೋಳಿಂಗನಲ್ಲೂರಿನ ಐಟಿ ಕಂಪನಿಯೊಂದರಲ್ಲಿ ಮ್ಯಾನೇಜರು. ‘ಹಸಿರು ವಸತಿ’ ಸ್ಪರ್ಧೆ ಬಂದದ್ದೇ ಆ ಗೋಡೆಯ ಪಕ್ಕದಲ್ಲೇ ಚಿಟ್ಟೆ ಪಾರ್ಕು ಮಾಡಿಸಲು ಹೊರಟರು. ಪ್ಲಾಸ್ಟಿಕ್ ಹುಲ್ಲು ಹಾಸಿದರು. ಕಾರಿನಷ್ಟು ದೊಡ್ಡ ಸಿಮೆಂಟು ಚಿಟ್ಟೆ ನಿಲ್ಲಿಸಿದರು. ಆಮೇಲೆ ಬಳ್ಳಿಯ ಮೇಲಿನ ಹುಳಗಳು ಕಣ್ಣಿಗೆ ಬಿದ್ದವು.

“ಮೇಡಂ, ನಮಗೆ ಚಿಟ್ಟೆ ಬೇಕು, ಹುಳ ಬೇಡ. ನಾಳೆ ಔಷಧಿ ಹೊಡೆಸ್ತೀನಿ.”

“ಅದೇ ಹುಳಾನೇ ಚಿಟ್ಟೆ ಆಗೋದು ಸಾರ್. ನೀವೇನು ಹುಟ್ತಾನೇ ಮ್ಯಾನೇಜರಾ?”

ನಾಗರಾಜ ನಗಲಿಲ್ಲ. ಹಿರಿಯರೊಬ್ಬರು ಸಹಕರಿಸುತ್ತಿಲ್ಲವೆಂದು ವಾಟ್ಸಾಪ್ ಗ್ರೂಪಿನಲ್ಲಿ ಬರೆದರು. ನಲವತ್ತು ಜನ ಕೈಮುಗಿದರು.

ಮರುದಿನ ಔಷಧಿಯವರು ಬರುವ ಮೊದಲೇ ವಾಸಂತಿ ಕೈಗೆ ಸಿಕ್ಕಷ್ಟು ಬಳ್ಳಿಯನ್ನು ಹುಳಗಳ ಸಮೇತ ಕತ್ತರಿಸಿ ತಂದು, ಬಾಲ್ಕನಿಯ ಬಟ್ಟೆ ಬುಟ್ಟಿಯಲ್ಲಿಟ್ಟು ಸೊಳ್ಳೆಪರದೆ ಮುಚ್ಚಿದರು. ಹನ್ನೊಂದು ಹುಳ ಉಳಿದವು. ಗೋಡೆಯ ಬಳ್ಳಿಯಲ್ಲಿದ್ದ ಮಿಕ್ಕವು ಔಷಧಿ ಬಿದ್ದು ‘ಪ್ರಕೃತಿಯನ್ನು ಪ್ರೀತಿಸಿ’ ಎಂಬ ಬೋರ್ಡಿನ ಕೆಳಗೆ ಉದುರಿ ಸತ್ತವು. ವಾಸಂತಿ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

“ನನ್ನ ಕಾಫಿ ಲೇಟಾದ್ರೂ ಪರವಾಗಿಲ್ಲ, ಅವುಗಳ ಟಿಫನ್ ಮಾತ್ರ ಟೈಮಿಗೆ!” ಎಂದು ಗೊಣಗುತ್ತಲೇ ಗಂಡ ಶಂಕರನಾರಾಯಣ ಎಲೆಗೆ ನೀರು ಚಿಮುಕಿಸುತ್ತಿದ್ದರು. ಐದು ದಿನ ತಿಂದ ಹುಳಗಳು ರೇಷ್ಮೆಯೆಳೆಯಿಂದ ತಮ್ಮನ್ನು ಕಡ್ಡಿಗೆ ಬಿಗಿದುಕೊಂಡು ಗೂಡಾದವು.

ಎರಡು ವಾರದ ಮೇಲೆ, ಉದ್ಘಾಟನೆಗೆ ಎರಡೇ ದಿನ ಇರುವಾಗ, ಪಾರ್ಕಿನಲ್ಲಿ ಒಂದೂ ಚಿಟ್ಟೆಯಿಲ್ಲವೆಂದು ನಾಗರಾಜರಿಗೆ ಹೊಳೆಯಿತು. ಮೂರನೇ ಮಹಡಿ ಹತ್ತಿ ವಾಸಂತಿಯ ಮನೆಗೆ ಬಂದರು.

“ನಿಮ್ಮ ಹತ್ರ ಸ್ಟಾಕ್ ಇದೆಯಂತೆ ಮೇಡಂ. ಭಾನುವಾರ ಹತ್ತೂವರೆಗೆ ಹಾರಿಸಬಹುದಾ? ಕೌನ್ಸಿಲರ್ ಬರ್ತಾರೆ.”

“ರೈಲು ಟೈಮಿಗೆ ಬರುತ್ತೆ ಅಂತಾನೇ ನಾನು ಯಾರಿಗೂ ಮಾತು ಕೊಟ್ಟವಳಲ್ಲ. ಇನ್ನು ಚಿಟ್ಟೆ ವಿಷಯಕ್ಕೆ ಕೊಡ್ತೀನಾ?”

ಶನಿವಾರ ಬೆಳಿಗ್ಗೆ ಒಂಬತ್ತು ಚಿಟ್ಟೆ ಹೊರಬಂದವು. ಎರಡು ಗೂಡು ಒಣಗಿಹೋಗಿದ್ದವು. ರೆಕ್ಕೆ ಒಣಗುವವರೆಗೆ ಕಾದು, ದಂಪತಿ ಬುಟ್ಟಿಯನ್ನು ಆಟೋದಲ್ಲಿಟ್ಟುಕೊಂಡು ಗಿಂಡಿ ಕಾಡಿನ ಅಂಚಿಗೆ ಹೋಗಿ ಪರದೆ ತೆಗೆದರು. ಚಿಟ್ಟೆಗಳು ಒಂದೊಂದಾಗಿ ಮರಗಳ ನಡುವೆ ಮರೆಯಾಗುವುದನ್ನು ನೋಡುತ್ತಿದ್ದ ವಾಸಂತಿಗೆ ಅಳು ಬಂತು, ಆಟೋದವನು ನೋಡುತ್ತಾನೆಂದು ಕೆಮ್ಮಿದರು.

ಭಾನುವಾರ ಕೌನ್ಸಿಲರ್ ಚಿಟ್ಟೆಯಾಕಾರದ ಬಲೂನುಗಳನ್ನು ಹಾರಿಸಿದರು. ಅವು ಕರೆಂಟು ತಂತಿಗೆ ಸಿಕ್ಕಿ ಮೂರು ಗಂಟೆ ಲಿಫ್ಟು ನಿಂತಿತು. ಆದರೂ ಜೀವವೈವಿಧ್ಯಕ್ಕೆಂದು ಎರಡನೇ ಬಹುಮಾನ ಬಂತು. ಗ್ರೂಪ್ ಫೋಟೋಗೆ ಕರೆದಾಗ ವಾಸಂತಿ ಮನೆಯಲ್ಲಿರಲಿಲ್ಲ, ಈಶ್ವರಿ ಬಳ್ಳಿಯ ಸಸಿ ತರಲು ನರ್ಸರಿಗೆ ಹೋಗಿದ್ದರು.