ತಾಕತ್ತಿನ ಸೂಜಿ

ಮೊನ್ನೆ ಮೊಮ್ಮಗನಿಗೆ ಲಸಿಕೆ ಹಾಕಿಸುವಾಗ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಮೂವತ್ತು ವರ್ಷ ಅದೇ ವಾಸನೆಯಲ್ಲಿ ನರ್ಸ್ ಕೆಲಸ ಮಾಡಿದವಳು ನಾನು. ಆದರೂ ಎದ್ದು ಹೊರಗೆ ಹೋಗಿ ನಿಂತೆ. ಹಿಂದೆ ನಾನು ಕೆಲಸಕ್ಕಿದ್ದ ಮೋರಟಗಿಯಲ್ಲಿ ನಮ್ಮ ಮಗ್ಗುಲ ಮನೆಗೆ ಬಂದಿದ್ದ ಸೊಸೆ ನೆನಪಾದಳು. ಜೊತೆಗೆ ಸಿಟ್ಟು. ಇಷ್ಟು ವರ್ಷವಾದರೂ ಹಾಳಾದ್ದು ಆರಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಮದುವೆಯಾದ ತಿಂಗಳೊಳಗೇ ಒಂದು ಮಧ್ಯಾಹ್ನ, ಸೆರಗಿನಲ್ಲಿ ಪೆನಿಸಿಲಿನ್ ಸೀಸೆ ಮುಚ್ಚಿಕೊಂಡು ನನ್ನ ಬಳಿ ಬಂದಳು. ಸಣ್ಣವಳಿದ್ದಾಗ ಕೀಲು ಬಾತು ಜ್ವರ ಬಂದು ಹೃದಯದ ಕವಾಟ ಕೆಟ್ಟಿತ್ತು. ಮೂರು ವಾರಕ್ಕೊಮ್ಮೆ ಸೂಜಿ ಬೇಕೇ ಬೇಕು. ತವರಿನವರು ಇದನ್ನು ಮುಚ್ಚಿಟ್ಟು ಮದುವೆ ಮಾಡಿದ್ದರು.

“ಅಕ್ಕಾರ, ನಮ್ಮತ್ತಿಗೆ ಹೇಳಬ್ಯಾಡ್ರಿ. ತಿರುಗಿ ತವರಿಗೆ ಕಳಸ್ತಾರ.”

ನಾನು, ದೊಡ್ಡ ಶಾಣ್ಯಾಕಿ, ಹೂಂ ಅಂದೆ. ಅವಳ ಅತ್ತೆ ಕೇಳಿದಾಗ ತಾಕತ್ತಿನ ಸೂಜಿ ಎಂದೆ. ಆಮೇಲೆ ಆ ಅತ್ತೆಯೇ ದಿನ ಎಣಿಸಿ ಸೊಸೆಯನ್ನು ನನ್ನಲ್ಲಿಗೆ ಕಳಿಸುತ್ತಿದ್ದಳು...

ಬಸುರಾದಳು. ಬಸುರಾದ ಕೂಡಲೇ ಬಂದು ತೋರಿಸಬೇಕು, ಕವಾಟ ಕಿರಿದಾಗಿದೆ ಎಂದು ವಿಜಾಪುರದ ಡಾಕ್ಟರು ಮೊದಲೇ ಹೇಳಿದ್ದರಂತೆ. ಹೋಗು ಎಂದು ಬೈದೆ. ಅವಳಪ್ಪನನ್ನು ಕರೆಸಿದೆ. “ಹಡದ ಮ್ಯಾಲ ತೋರ್ಸೂಣ್ರಿ. ಈಗ ಸುದ್ದಿ ಹೊರಬಿದ್ರ ಮಗಳ ಬಾಳೇವು ಕೆಡ್ತೈತಿ,” ಎಂದು ಕೈಮುಗಿದು, ಚಹಾ ಕುಡಿದು, ಬಸ್ಸು ಹತ್ತಿದ. ಆ ಚಹಾ ಕೊಟ್ಟದ್ದಕ್ಕೂ ನನಗೆ ನನ್ನ ಮೇಲೆ ಸಿಟ್ಟಿದೆ.

ಏಳನೇ ತಿಂಗಳಿಗೆ ಕುಬಸ ಮಾಡಿದರು. ಹಸಿರು ಸೀರೆ ಉಟ್ಟು ಕೂತವಳು ಏದುಸಿರು ಬಿಡುತ್ತಿದ್ದರೆ, ಅವಳಿ ಜವಳಿ ಇರಬೇಕು ಎಂದು ಹೆಂಗಸರು ನಕ್ಕರು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳು ವಾರದಿಂದ ಜೋಳದ ಚೀಲಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದುದು ನನಗೊಬ್ಬಳಿಗೇ ಗೊತ್ತಿತ್ತು. ಕಾರ್ಯ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ನಾನೂ ಆರತಿ ಹಾಡಿಗೆ ದನಿ ಕೂಡಿಸಿದೆ.

ಮರುದಿನ ಮುಂಜಾನೆ ಅವಳ ಬಾಯಲ್ಲಿ ಕೆಂಪು ನೊರೆ ಬಂತು. ಆಗ ಅತ್ತೆಯ ಮುಂದೆ ಬಾಯಿಬಿಟ್ಟೆ. ಜೀಪು ಸಿಂದಗಿ ದವಾಖಾನೆ ಮುಟ್ಟುವಷ್ಟರಲ್ಲಿ... ಇಬ್ಬರೂ ಉಳಿಯಲಿಲ್ಲ.

ಮಣ್ಣು ಕೊಟ್ಟ ಮೂರನೇ ದಿನ ಅತ್ತೆ ನಮ್ಮ ಬಾಗಿಲಿಗೆ ಬಂದಳು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಅಂದಳು: “ಮೂರು ವಾರಕ್ಕೊಮ್ಮಿ ನಾನೇ ಕಳಸ್ತಿದ್ನಲ್ರಿ ಬಾಯಾರ. ಖರೇ ಹೇಳಿದ್ರ ವಿಜಾಪುರಕ್ಕೂ ನಾನೇ ಕರ್ಕೊಂಡು ಹೋಗ್ತಿದ್ದೆ.”

ಅವಳನ್ನು ಒಂದು ಮಾತು ಕೇಳಿ ನೋಡದೆ, ರಾಕ್ಷಸಿ ಎಂದು ನಾವೆಲ್ಲ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆವು.

ಆ ಕೂಸು ಬದುಕಿದ್ದರೆ ಈಗ ಅದಕ್ಕೂ ಒಂದು ಕೂಸಿರುತ್ತಿತ್ತೇನೋ. ಮೊನ್ನೆ ಮಗಳು ನನ್ನ ಹಿಂದೆಯೇ ಹೊರಗೆ ಬಂದು, “ಯಾಕವ್ವ, ಆ ವಾಸನಿ ಆಗವಲ್ದೇನು?” ಎಂದು ಕೇಳಿದಳು.

ಹೂಂ ಅಂದೆ. ಈಗಲೂ ಖರೇ ಹೇಳಲಿಲ್ಲ.